ಮರುಭೂಮಿಯ ಮೋಶೆ, ಶುಗರ್ ಲ್ಯಾಂಡಿನ ಚಪಾತಿ

ಡಲ್ಲಾಸ್: ಕೆಂಪು ರಿಬ್ಬನ್

ಪತ್ರಿಕೆಯ ಡೆಸ್ಕಿನಲ್ಲಿ ಬಹುಕಾಲ ಕೂತವರಿಗೆ ಒಂದು ಚಾಳಿ ಅಂಟಿಕೊಂಡಿರುತ್ತದೆ. ಹೆಸರು, ಊರು, ವಯಸ್ಸು ಎಲ್ಲವನ್ನೂ ಎರಡು ಸಲ ನೋಡದೆ ಪುಟವನ್ನು ಮುದ್ರಣಕ್ಕೆ ಬಿಡುವುದಿಲ್ಲ. ಮೈಸೂರಿನ ದಿನಪತ್ರಿಕೆಯೊಂದರಲ್ಲಿ ಆ ಕೆಲಸ ಮಾಡಿಯೇ ನಿವೃತ್ತಳಾದ ನಾನು 2015ರ ವಸಂತದಲ್ಲಿ ಮೊದಲ ಸಲ ಅಮೆರಿಕಕ್ಕೆ ಹೋದೆ. ಇಳಿದ ಸ್ವಲ್ಪ ಹೊತ್ತಿನಲ್ಲೇ ಬೇರೆ ಯಾರದೋ ಪೆಟ್ಟಿಗೆಯನ್ನು ಎಳೆದುಕೊಂಡು ಡಲ್ಲಾಸ್ ವಿಮಾನ ನಿಲ್ದಾಣದಿಂದ ಹೊರಗೆ ಬಂದೆ.

ನನ್ನ ಪರವಾಗಿ ಹೇಳಬಹುದಾದದ್ದು ಇಷ್ಟು. ಗುರುತಿಗಾಗಿ ಪೆಟ್ಟಿಗೆಯ ಹಿಡಿಗೆ ಕೆಂಪು ರಿಬ್ಬನ್ ಕಟ್ಟಿದ್ದೆ. ಬೆಲ್ಟಿನ ಮೇಲೆ ಸುತ್ತಿ ಬಂದ ನೀಲಿ ಪೆಟ್ಟಿಗೆಗೂ ಕೆಂಪು ರಿಬ್ಬನ್ ಇತ್ತು. ಆ ಉಪಾಯ ನನಗೊಬ್ಬಳಿಗೇ ಹೊಳೆದದ್ದು ಎಂದುಕೊಂಡಿದ್ದೆ.

ಇರ್ವಿಂಗ್‌ನಲ್ಲಿ ನನ್ನ ಅಣ್ಣನ ಮಗಳು ಸ್ಮಿತಾಳ ಮನೆ. ಅಲ್ಲಿ ಸಾರಿನ ಪುಡಿ ತೆಗೆಯಲೆಂದು ಪೆಟ್ಟಿಗೆ ತೆರೆದರೆ ಗಂಡಸಿನ ಕರಿಯ ಕೋಟು, ಖರ್ಜೂರದ ಪೊಟ್ಟಣಗಳು, ಬಟ್ಟೆಯಲ್ಲಿ ಸುತ್ತಿದ ಒಂದು ಮರದ ಹಲಗೆ. ಹಲಗೆಯ ಮೇಲೆ ಚಿತ್ರವಿತ್ತು. ಕಪ್ಪು ಮೈಬಣ್ಣ, ಬಿಳಿ ಗಡ್ಡ, ತಲೆಯ ಹಿಂದೆ ಚಿನ್ನದ ಪ್ರಭೆ. ಕಣ್ಣುಗಳು ತುಂಬ ದೊಡ್ಡವು, ನಮ್ಮೂರಿನ ಹಳೆಯ ಭಿತ್ತಿಚಿತ್ರಗಳಲ್ಲಿ ಇರುವಂಥವು.

“ಅತ್ತೆ, ನೀವ್ಯಾವಾಗ ಕ್ರಿಶ್ಚಿಯನ್ ಆದ್ರಿ? ಅಪ್ಪನಿಗೆ ಗೊತ್ತಾ?” ಎಂದು ಸ್ಮಿತಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಪೆಟ್ಟಿಗೆಯ ಚೀಟಿಯಲ್ಲಿದ್ದ ನಂಬರಿಗೆ ಅವಳೇ ಫೋನ್ ಮಾಡಿದಳು. ಮಾರನೆಯ ಬೆಳಗ್ಗೆ ಎಪ್ಪತ್ತರ ಆಸುಪಾಸಿನ ಒಬ್ಬರು ನನ್ನ ಪೆಟ್ಟಿಗೆ ತಂದರು. ಹೆಸರು ಗಿರ್ಗಿಸ್, ಹುಟ್ಟೂರು ಈಜಿಪ್ಟಿನ ಒಂದು ಹಳ್ಳಿ. ಟೆಕ್ಸಸ್‌ನ ರಸ್ತೆ, ಸೇತುವೆಗಳ ಎಂಜಿನಿಯರಾಗಿ ನಿವೃತ್ತರಾದವರು. ಈಜಿಪ್ಟಿನ ಪುರಾತನ ಕ್ರೈಸ್ತ ಸಮುದಾಯವಾದ ಕಾಪ್ಟಿಕ್ ಪಂಥದವರು. ಮೊದಲ ಮಾತೇ “ಕ್ಷಮಿಸಿ, ಕಾರಿನ ತುಂಬ ಇದರ ವಾಸನೆ. ನನ್ನ ಹೆಂಡತಿ ಅದೇನೆಂದು ಕೇಳಿಕೊಂಡು ಬಾ ಅಂದಿದ್ದಾಳೆ” ಎಂಬುದಾಗಿತ್ತು. ಅವರ ಖರ್ಜೂರಕ್ಕೆ ಪ್ರತಿಯಾಗಿ ಅರ್ಧ ಸಾರಿನ ಪುಡಿ ಅವರ ಮನೆಗೆ ಹೋಯಿತು.

ಸ್ಮಿತಾ ಕಾಫಿ ತಂದಳು. ಅವರು ಹಾಲಿಲ್ಲದ್ದು ಬೇಕೆಂದರು. ಬಿಸ್ಕತ್ತಿನ ಪೊಟ್ಟಣ ಮುಂದಿಟ್ಟಾಗ ಕನ್ನಡಕ ಏರಿಸಿ, ಪೊಟ್ಟಣ ತಿರುಗಿಸಿ, ಹಿಂಬದಿಯ ಸಣ್ಣ ಅಕ್ಷರಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿ ಮೆಲ್ಲಗೆ ಕೆಳಗಿಟ್ಟರು. ಈಸ್ಟರ್‌ಗೆ ಮುಂಚಿನ ದೊಡ್ಡ ಉಪವಾಸದ ಕಾಲ ಅದು. ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಯಾವುದೂ ಇಲ್ಲ.

“ಅಂಕಲ್, ನಮ್ಮ ಕನ್ನಡ ಅಸೋಸಿಯೇಷನ್‌ಗೆ ಸೇರ್ಕೊಳ್ಳಿ. ನಾವಿಲ್ಲಿ ವರ್ಷವೆಲ್ಲಾ ಹೀಗೆ ಲೇಬಲ್ ಓದೋದೇ,” ಎಂದಳು ಸ್ಮಿತಾ.

ಚಿತ್ರದಲ್ಲಿದ್ದವರು ಯಾರೆಂದು ಕೇಳಿದೆ. “ಅಬ್ಬಾ ಮೋಶೆ,” ಎಂದರು. ಅಬ್ಬಾ ಎಂದರೆ ತಂದೆ. ನಮ್ಮಲ್ಲಿ ಮಠದ ಹಿರಿಯರನ್ನು ‘ಬುದ್ಧಿ’ ಎಂದೋ ‘ಅಪ್ಪಾವರು’ ಎಂದೋ ಕರೆಯುವಂತೆ. ಸಮುದ್ರವನ್ನು ಸೀಳಿದ ಹಳೆಯ ಪ್ರವಾದಿ ಮೋಶೆ ಬೇರೆ. ಇವನು ಹದಿನಾರು ಶತಮಾನಗಳ ಹಿಂದೆ ಈಜಿಪ್ಟಿನ ಮರುಭೂಮಿಯಲ್ಲಿದ್ದ ಸನ್ಯಾಸಿ. ಕ್ರೈಸ್ತರಲ್ಲಿ ಸನ್ಯಾಸವೆಂಬುದು ಶುರುವಾಗಿ ಹೆಚ್ಚು ಕಾಲವಾಗಿರದ ದಿನಗಳು.

“ಸಂತನಾಗುವ ಮೊದಲು ಏನು ಕೆಲಸ ಮಾಡುತ್ತಿದ್ದ, ಗೊತ್ತೆ? ದರೋಡೆ,” ಎಂದರು ಗಿರ್ಗಿಸ್, ತಮ್ಮ ಊರಿನ ತಂಟೆಕೋರ ಚಿಕ್ಕಪ್ಪನ ವಿಷಯ ಹೇಳುವ ದನಿಯಲ್ಲಿ.

ಮೋಶೆ ಇಥಿಯೋಪಿಯಾ ಮೂಲದವನು, ಒಬ್ಬ ಅಧಿಕಾರಿಯ ಮನೆಯಲ್ಲಿ ಗುಲಾಮ. ಕಳ್ಳತನಕ್ಕಾಗಿ ಹೊರಹಾಕಿಸಿಕೊಂಡು ದರೋಡೆಕೋರರ ಗುಂಪಿಗೆ ನಾಯಕನಾದ. ಒಮ್ಮೆ ಕುರುಬನೊಬ್ಬನ ನಾಯಿ ಬೊಗಳಿ ಅವನ ಕೆಲಸ ಕೆಟ್ಟಿತು. ಕುರುಬನನ್ನು ಮುಗಿಸಲೆಂದು ಕತ್ತಿಯನ್ನು ಬಾಯಲ್ಲಿ ಕಚ್ಚಿಕೊಂಡು ನೈಲ್ ನದಿಯನ್ನು ಈಜಿದ. ಆ ಪುಣ್ಯಾತ್ಮ ಅಡಗಿ ಕೂತಿದ್ದರಿಂದ ಬದುಕಿದ, ಅವನ ಟಗರುಗಳು ಕತ್ತಿಗೆ ಸಿಕ್ಕಿ ಸತ್ತವು. ಇಂಥವನು ಒಂದು ದಿನ ಸ್ಕೇತಿಸ್ ಎಂಬ ಮರಳುಗಾಡಿನ ಸನ್ಯಾಸಿಗಳ ಬಾಗಿಲಿಗೆ ಬಂದ. ಏಕೆ ಬಂದನೆಂದು ಕೇಳಿದೆ. ಅದಕ್ಕೆ ಒಬ್ಬೊಬ್ಬರು ಒಂದೊಂದು ಕಾರಣ ಕೊಡುತ್ತಾರೆಂದೂ ತಮಗೆ ಗೊತ್ತಿಲ್ಲವೆಂದೂ ಗಿರ್ಗಿಸ್ ಹೇಳಿದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಸುದ್ದಿಮೂಲ ನನಗೆ ಹಿಡಿಸುತ್ತದೆ.

ಸನ್ಯಾಸಿಯಾದ ಮೇಲೂ ಮೈಬಲ ಹೋಗಲಿಲ್ಲ. ಕಳ್ಳರು ನಾಲ್ವರು ಅವನ ಗುಡಿಸಲಿಗೇ ನುಗ್ಗಿದರು. ನಾಲ್ವರನ್ನೂ ಹುಲ್ಲಿನ ಹೊರೆಯಂತೆ ಕಟ್ಟಿ, ಬೆನ್ನ ಮೇಲೆ ಹೊತ್ತು, ಹಿರಿಯರ ಮುಂದೆ ತಂದು ಇಳಿಸಿ, ‘ಈಗ ನಾನು ಯಾರಿಗೂ ನೋವು ಮಾಡುವಂತಿಲ್ಲ, ಇವರನ್ನೇನು ಮಾಡಲಿ?’ ಎಂದು ಕೇಳಿದನಂತೆ. ಇದನ್ನು ಹೇಳುವಾಗ ಗಿರ್ಗಿಸ್ ಎದ್ದು ನಿಂತು ನಾಲ್ಕು ಹೊರೆ ಇಳಿಸಿ ತೋರಿಸಿದರು.

ಇನ್ನೊಂದು ಸಂಗತಿ ಅವರು ಕೂತೇ ಹೇಳಿದರು. ಒಮ್ಮೆ ಒಂದು ವಾರವೆಲ್ಲಾ ಉಪವಾಸವಿರಬೇಕೆಂದು ಮರುಭೂಮಿಯಲ್ಲಿ ಕಟ್ಟಳೆಯಾಗಿತ್ತು. ಅದೇ ವಾರ ಮೋಶೆಯನ್ನು ನೋಡಲು ದೂರದಿಂದ ಯಾರೋ ಬಂದರು. ಅವನು ಒಲೆ ಹಚ್ಚಿ ಅವರಿಗಾಗಿ ಒಂದಿಷ್ಟು ಬೇಯಿಸಿದ. ನೆರೆಯವರು ಹೊಗೆ ಕಂಡು ದೂರು ಕೊಟ್ಟರು. ಹಿರಿಯರು ಎಲ್ಲರ ಎದುರಿಗೆ ಅವನನ್ನು ಕರೆದು, ಮನುಷ್ಯರು ಮಾಡಿದ ನಿಯಮವನ್ನು ನೀನು ಮುರಿದಿದ್ದೀಯೆ, ದೇವರದನ್ನು ಉಳಿಸಿದ್ದೀಯೆ ಎಂದರು.

“ಹಾಗಾದ್ರೆ ಒಂದು ಬಿಸ್ಕತ್ತು ತಗೋಬಹುದಲ್ವಾ ಅಂಕಲ್?” ಎಂದಳು ಸ್ಮಿತಾ.

“ಅವನು ಮುರಿದದ್ದು ಅತಿಥಿಗಾಗಿ ಮಗಳೇ. ಇಲ್ಲಿ ಅತಿಥಿ ನಾನೇ,” ಎಂದು ಅವರು ಹಾಲಿಲ್ಲದ ಕಾಫಿ ಮುಗಿಸಿದರು.

ಹ್ಯೂಸ್ಟನ್ ದಾರಿಯಲ್ಲಿ

ಹ್ಯೂಸ್ಟನ್ನಿಗೆ ಬಸ್ಸಿನಲ್ಲಿ ಹೋಗುತ್ತೇನೆಂದಾಗ ಸ್ಮಿತಾಳ ಮುಖ ಸಣ್ಣದಾಯಿತು. ಕಾರಿದ್ದವರ ಊರಿನಲ್ಲಿ ಬಸ್ಸು ಹತ್ತುವುದೆಂದರೆ ಮನೆಯವರು ಕೈಬಿಟ್ಟಂತೆ. ನನಗೆ ಬಸ್ಸೇ ಬೇಕಿತ್ತು. ಊರನ್ನು ನೋಡುವುದು ಬಸ್ಸಿನ ಕಿಟಕಿಯಿಂದ, ಜನರನ್ನು ನೋಡುವುದು ಪಕ್ಕದ ಸೀಟಿನಿಂದ.

ಪಕ್ಕದಲ್ಲಿ ವಯಸ್ಸಾದ ಕಪ್ಪು ಹೆಂಗಸು ಕೂತಿದ್ದರು. ಹೊರಗೆ ಬಿಸಿಲು, ಒಳಗೆ ಶೀತಲ ಯಂತ್ರದ ಚಳಿ. ನಾನು ಸೆರಗನ್ನು ಎಳೆದು ಎಳೆದು ಹೊದ್ದುಕೊಳ್ಳುವುದನ್ನು ಸ್ವಲ್ಪ ದೂರದವರೆಗೆ ನೋಡಿದ ಆಕೆ, ಕೇಳದೆಯೇ ತಮ್ಮ ಉಣ್ಣೆಯ ಶಾಲಿನ ಅರ್ಧವನ್ನು ನನ್ನ ಮೊಣಕಾಲ ಮೇಲೆ ಹರಡಿದರು. “ಚಿನ್ನಾ, ಈ ಡ್ರೈವರ್‌ಗಳು ನಮ್ಮನ್ನು ಮಾಂಸದಂತೆ ಕೆಡದೆ ಇಡಬೇಕೆಂದು ನೋಡುತ್ತಾರೆ,” ಎಂದು ಕಣ್ಣು ಮುಚ್ಚಿ ನಿದ್ದೆ ಹೋದರು. ಹ್ಯೂಸ್ಟನ್ ಬರುವವರೆಗೂ ಒಂದೇ ಶಾಲಿನಡಿ ಇಬ್ಬರ ಮೊಣಕಾಲುಗಳಿದ್ದವು. ಹೆಸರು ಕೇಳಲಿಲ್ಲ. ಡೆಸ್ಕಿನಲ್ಲಿ ಇದನ್ನು ತಪ್ಪೆನ್ನುತ್ತಿದ್ದೆ.

ಚಪ್ಪಟೆ ನೆಲ, ಹುಲ್ಲು, ಅಲ್ಲಲ್ಲಿ ದನ. ಗಿರ್ಗಿಸ್ ಹೇಳಿದ ಉಳಿದ ಮಾತುಗಳು ನೆನಪಾದವು. ದರೋಡೆಕೋರನಿಗೆ ಎಲ್ಲವೂ ಬೇಗ ಆಗಬೇಕಿತ್ತು, ಸಂತನಾಗುವುದೂ. ಹಳೆಯ ಆಸೆಗಳು ಬಿಡಲಿಲ್ಲವೆಂದು ಗುರು ಇಸಿದೋರನ ಬಳಿ ಹೋಗಿ ಗೋಳಾಡಿದ. ಗುರು ಅವನನ್ನು ನಸುಕಿನಲ್ಲಿ ಮಾಳಿಗೆಗೆ ಕರೆದೊಯ್ದು ಸುಮ್ಮನೆ ಕೂರಿಸಿದ. ಕತ್ತಲು ಒಮ್ಮೆಗೇ ಹೋಗಲಿಲ್ಲ. ಸ್ವಲ್ಪ ಸ್ವಲ್ಪವೇ ಬೆಳಕಾಯಿತು. ನಿನ್ನದೂ ಹೀಗೆಯೇ ಎಂದ ಗುರು.

ಆಮೇಲೆ ಮೋಶೆ ಕತ್ತಲಾದ ಮೇಲೆ ಹೊರಟು ಮುದುಕ ಸನ್ಯಾಸಿಗಳ ಗುಡಿಸಲುಗಳ ಮುಂದಿನ ಗಡಿಗೆಗಳನ್ನು ಎತ್ತಿಕೊಂಡು ಹೋಗಿ ದೂರದ ಬಾವಿಯಿಂದ ನೀರು ತುಂಬಿ ತಂದಿಡುತ್ತಿದ್ದನಂತೆ. ನಮ್ಮ ಬೀದಿಯಲ್ಲಿ ನಲ್ಲಿ ನೀರು ಬಿಟ್ಟಾಗ ನಡೆಯಲಾಗದವರ ಕೊಡವನ್ನೂ ತಮ್ಮದರ ಜೊತೆ ತುಂಬಿಸಿಡುವ ಹೆಂಗಸರಿದ್ದರು. ಅವರನ್ನು ನಾವು ಸಂತರೆಂದು ತಿಳಿದಿರಲಿಲ್ಲ. ಸರತಿ ಮುರಿಯುತ್ತಾರೆಂದು ಬೈಯುತ್ತಿದ್ದೆವು.

ಹ್ಯೂಸ್ಟನ್: ಬಿಸಿ ಟೋರ್ಟಿಯಾ

ಶುಗರ್ ಲ್ಯಾಂಡಿನಲ್ಲಿ ನನ್ನ ಚಿಕ್ಕಮ್ಮನ ಮಗಳು ರೇಖಾ ಇದ್ದಾಳೆ. ಆಸ್ಪತ್ರೆಯೊಂದರ ಔಷಧ ವಿಭಾಗದಲ್ಲಿ ಕೆಲಸ. ಫೋನಿನಲ್ಲಿ ಅವಳ ಮಾತು ನಿಲ್ಲಿಸುವುದು ಕಷ್ಟ. ಬಸ್ ನಿಲ್ದಾಣದಿಂದ ಮನೆಯವರೆಗೆ ಅವಳು ಆಡಿದ್ದು “ಸೀಟ್ ಬೆಲ್ಟ್ ಹಾಕ್ಕೊಳ್ಳಿ ಅಕ್ಕ” ಎಂಬ ಒಂದೇ ಮಾತು. ಅವಳ ಗಂಡ ಕೆಲಸದ ಮೇಲೆ ಬೇರೆ ರಾಜ್ಯಕ್ಕೆ ಹೋಗಿದ್ದ, ಮಗ ದೂರದ ಕಾಲೇಜಿನ ಹಾಸ್ಟೆಲಿನಲ್ಲಿದ್ದ. ಅಡುಗೆಮನೆಯಲ್ಲಿ ಒಲೆ ಹಚ್ಚಿದ ಗುರುತಿರಲಿಲ್ಲ. ಊಟಕ್ಕೆ ಬ್ರೆಡ್ಡು ಬಂತು.

ಬ್ರೆಡ್ಡಿನ ಜೊತೆ ವಿಷಯವೂ ಬಂತು. ಹಿಂದಿನ ವಾರ ಊರಿನ ಕನ್ನಡಿಗರ ಯುಗಾದಿ ಊಟ. ಅಲ್ಲಿ ಹೋಟೆಲಿನಿಂದ ತರಿಸುವ ಪದ್ಧತಿಯಿಲ್ಲ, ಸದಸ್ಯರೇ ಅಡುಗೆ ಮಾಡುತ್ತಾರೆ. ಎಷ್ಟೋ ವರ್ಷಗಳಿಂದ ಅಡುಗೆಯ ಉಸ್ತುವಾರಿ ರೇಖಾಳದು.

“ರಿಜಿಸ್ಟರ್ ಮಾಡದೆ ಬಂದವ್ರೇ ಅರ್ಧ ಜನ, ಅಕ್ಕ. ಎಣ್ಣೆಗಾಯಿ ಇದೆ, ಚಪಾತಿ ಖಾಲಿ. ಹಾಲ್ ಪಕ್ಕದಲ್ಲೇ ಅಂಗಡಿ. ಅಲ್ಲಿ ಟೋರ್ಟಿಯಾ ಬಿಸಿಬಿಸಿ ಮಾಡಿಡ್ತಾರೆ. ನಾನು ಯಾವಾಗ್ಲೂ ತರೋದೇ ಅದು. ಓಡಿಹೋಗಿ ರಾಶಿ ಎತ್ಕೊಂಡು ಬಂದೆ. ಬಿಸಿ ಇತ್ತು, ತುಪ್ಪ ಸವರಿ ಬಡಿಸ್ಬಿಟ್ವಿ.”

ಟೋರ್ಟಿಯಾ ಎಂದರೆ ಮೆಕ್ಸಿಕನ್ನರ ಗೋಧಿ ರೊಟ್ಟಿ, ನೋಡಲು ಚಪಾತಿಯ ಅಕ್ಕನಂತಿರುತ್ತದೆ. ಆ ಅಂಗಡಿಯಲ್ಲಿ ಎರಡು ಬಗೆ ಇತ್ತು. ಒಂದಕ್ಕೆ ಎಣ್ಣೆ, ಇನ್ನೊಂದಕ್ಕೆ ಹಂದಿಯ ಕೊಬ್ಬು. ರೇಖಾ ಎತ್ತಿಕೊಂಡದ್ದು ಎರಡನೆಯದು.

“ಓದ್ಲಿಲ್ಲ ಅಕ್ಕ. ದಿನವೆಲ್ಲಾ ಡಬ್ಬಿ ಮೇಲಿನ ಅಕ್ಷರ ಓದೋದೇ ನನ್ನ ಕೆಲಸ. ಅವತ್ತೊಂದಿನ ಓದ್ಲಿಲ್ಲ.”

ಯಾರಿಗೂ ತಿಳಿಯುತ್ತಿರಲಿಲ್ಲವೇನೋ. ಆದರೆ ಚಪಾತಿ ಎಲ್ಲರಿಗೂ ಬಹಳ ಹಿಡಿಸಿತು. ವೀಣಾ ಎಂಬಾಕೆ ತಾನೂ ಕೊಳ್ಳಬೇಕೆಂದು ಕಸದ ಬುಟ್ಟಿಯಿಂದ ಖಾಲಿ ಪೊಟ್ಟಣವನ್ನು ಎತ್ತಿ ಓದಿದಳು. ಆಮೇಲೆ ಹಾಲ್‌ನಲ್ಲಿ ನಡೆದದ್ದನ್ನು ರೇಖಾ ಹೇಳಲಿಲ್ಲ.

ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಅಂದಿನ ಮುಖ್ಯ ಅತಿಥಿ ಆಸ್ಟಿನ್ನಿನ ನಾಗಲಕ್ಷ್ಮಿ ಆಂಟಿ. ವಿಜಯಪುರದ ಕಡೆಯವರು, ಮಕ್ಕಳ ವೈದ್ಯೆಯಾಗಿ ಈ ದೇಶದಲ್ಲೇ ಮುದುಕಿಯಾದವರು. ಇಷ್ಟು ವರ್ಷಗಳಲ್ಲಿ ಮೊಟ್ಟೆ ಹಾಕಿದ ಕೇಕನ್ನು ಕೂಡ ಮುಟ್ಟಿದವರಲ್ಲ. ರೇಖಾ ಹೆತ್ತಾಗ ಊರಿನಿಂದ ಯಾರೂ ಬರಲಾಗದೆ ಇದ್ದಾಗ ಈ ಆಂಟಿಯೇ ರಜೆ ಹಾಕಿ ಬಂದು ಬಾಣಂತನ ಮಾಡಿದ್ದರು. ಯುಗಾದಿಯ ದಿನ ಅವರು ಒಂದು ಚಪಾತಿ ತಿಂದು, ಇನ್ನೊಂದು ಹಾಕಿಸಿಕೊಂಡು, ಮೈಕ್ ಹಿಡಿದು ‘ಇದು ನಮ್ಮವ್ವನ ಕೈ ಚಪಾತಿ’ ಎಂದು ಎಲ್ಲರ ಮುಂದೆ ಹೇಳಿದ್ದರು. ವಿಷಯ ಗೊತ್ತಾದ ಮೇಲೆ ಒಂದು ಮಾತೂ ಆಡದೆ ಎದ್ದು ಕಾರು ಹತ್ತಿದರು. ಅಂದಿನಿಂದ ರೇಖಾ ಫೋನ್ ಮಾಡಿದರೆ ಎತ್ತುತ್ತಿಲ್ಲ.

“ಕಮಿಟಿಯವರು ಏನ್ ಬೇಕಾದ್ರೂ ಮಾಡ್ಕೊಳ್ಳಿ. ಆಂಟಿ ಬೈದುಬಿಟ್ಟಿದ್ರೆ ಸಾಕಿತ್ತು,” ಎಂದಳು ರೇಖಾ.

ಕಮಿಟಿ ಮರುದಿನ ಸಂಜೆ ಕಾರ್ಯದರ್ಶಿ ರಘು ಅವರ ಮನೆಯಲ್ಲಿ ಸೇರಿತು. ಊರಿನಿಂದ ಬಂದವರೆಂದು ನನ್ನನ್ನೂ ಊಟಕ್ಕೆ ಕರೆದರು. ರೇಖಾ ಬರಲಿಲ್ಲ. ಜನ ಕೆಟ್ಟವರಲ್ಲ. ನನಗೆ ಒಳ್ಳೆಯ ಕುರ್ಚಿ ಕೊಟ್ಟರು, ಮೈಸೂರು ಹೇಗಿದೆ ಎಂದು ಕೇಳಿದರು. ಆಮೇಲೆ ವಿಷಯಕ್ಕೆ ಬಂದರು. ಇನ್ನು ಮುಂದೆ ಮನೆಯ ಅಡುಗೆ ಬೇಡ, ಕೇಟರಿಂಗ್ ಸಾಕು ಎಂದರು ಒಬ್ಬರು. ರೇಖಾ ಎಲ್ಲರೆದುರು ತಪ್ಪೊಪ್ಪಿಕೊಳ್ಳಲಿ ಎಂದರು ಇನ್ನೊಬ್ಬರು.

“ಫಾರ್ಮಸಿಸ್ಟ್ ರೀ ಅವ್ರು! ಲೇಬಲ್ ಓದಲ್ಲ ಅಂದ್ರೆ ಹೇಗೆ?” ಎಂದರು ಮೂರನೆಯವರು.

“ನೀವು ಮೂರು ತಿಂದ್ರಿ, ನೀವೂ ಓದ್ಲಿಲ್ಲ,” ಎಂದಳು ವೀಣಾ.

ರಘು ನನ್ನ ಕಡೆ ತಿರುಗಿದರು. “ಮೇಡಂ, ನೀವು ಪೇಪರ್‌ನವರು, ನ್ಯೂಟ್ರಲ್. ನೀವೇ ಹೇಳಿ, ಏನ್ ಮಾಡ್ಬೇಕು?”

ತೀರ್ಪು ಕೊಡುವುದು ನನ್ನ ಕೆಲಸವಲ್ಲ ಎಂದೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಆದರೆ ಗಿರ್ಗಿಸ್ ಬಾಗಿಲಲ್ಲಿ ನಿಂತು ಕೊನೆಗೆ ಹೇಳಿಹೋದ ಒಂದು ಸಂಗತಿ ನೆನಪಿಗೆ ಬಂದು ಅದನ್ನೂ ಹೇಳಿದೆ. ಸ್ಕೇತಿಸ್‌ನಲ್ಲಿ ಒಬ್ಬ ಕಿರಿಯ ಸನ್ಯಾಸಿ ತಪ್ಪು ಮಾಡಿದ. ಹಿರಿಯರು ವಿಚಾರಣೆಗೆ ಸೇರಿ ಮೋಶೆಗೂ ಹೇಳಿಕಳಿಸಿದರು. ಅವನು ಬರಲಿಲ್ಲ. ಎಲ್ಲರೂ ಕಾಯುತ್ತಿದ್ದಾರೆಂದು ಮತ್ತೆ ಕರೆ ಹೋಯಿತು. ಆಗ ತೂತುಗಳಿದ್ದ ಹಳೆಯ ಬುಟ್ಟಿಯಲ್ಲಿ ಮರಳು ತುಂಬಿ ಬೆನ್ನಿಗೆ ಹಾಕಿಕೊಂಡು ಬಂದ. ದಾರಿಯುದ್ದಕ್ಕೂ ಮರಳು ಸುರಿದಿತ್ತು. ಇದೇನೆಂದು ಕೇಳಿದರು. ನನ್ನ ತಪ್ಪುಗಳು ಹಿಂದೆ ಹೀಗೆ ಸುರಿಯುತ್ತಿವೆ, ನನಗೆ ಕಾಣುತ್ತಿಲ್ಲ. ಇನ್ನೊಬ್ಬನ ತಪ್ಪನ್ನು ತೂಗಲು ಬಂದಿದ್ದೇನೆ ಎಂದ.



“ಕಥೆ ಚೆನ್ನಾಗಿದೆ ಮೇಡಂ,” ಎಂದರು ರಘು. “ಆದ್ರೆ ಆ ಸ್ವಾಮಿಗಳಿಗೆ ಬರೋ ಶನಿವಾರ ರಾಮನವಮಿ ಪಾನಕ, ಕೋಸಂಬರಿ ಮಾಡಿಸೋ ಜವಾಬ್ದಾರಿ ಇರ್ಲಿಲ್ಲ.”

ನ್ಯಾಯವಾದ ಮಾತೇ. ವೀಣಾ ಮಾತ್ರ ಕೇಳಿದಳು, “ಆ ಹುಡುಗನ್ನ ಕ್ಷಮಿಸಿದ್ರಾ?”

“ಕ್ಷಮಿಸಿದರು.”

“ನಾವೂ ಕ್ಷಮಿಸ್ಬಹುದು. ನಮ್ದೇನು, ನಾವು ಪಿಜ್ಜಾ ತಿನ್ನೋರು. ಆದ್ರೆ ನಾಗಲಕ್ಷ್ಮಿ ಆಂಟಿ? ಅವ್ರ ಪರವಾಗಿ ನಾವ್ಯಾರು ಕ್ಷಮಿಸೋಕೆ?”

ಆಂಟಿ ಏನೆನ್ನುತ್ತಾರೋ ಹಾಗೆ ಎಂದು ಸಭೆ ಮುಗಿಯಿತು. ಮನೆಗೆ ಬಂದು ರೇಖಾಳಿಗೆ, ನಾಳೆ ನನ್ನನ್ನು ಆಸ್ಟಿನ್ನಿಗೆ ಕರೆದುಕೊಂಡು ಹೋಗು ಎಂದೆ. ಅವರು ಬಾಗಿಲು ತೆರೆಯದಿದ್ದರೆ ಎಂದಳು. ಊರು ನೋಡಿಕೊಂಡು ಬರೋಣ ಎಂದೆ.

ಆಸ್ಟಿನ್: ಬಿಟ್ಟ ಚಪಾತಿ

ಹ್ಯೂಸ್ಟನ್ನಿನಿಂದ ಆಸ್ಟಿನ್ನಿಗೆ ಹೋಗುವ ದಾರಿಯ ಇಕ್ಕೆಲದಲ್ಲೂ ಆ ಕಾಲಕ್ಕೆ ನೀಲಿ ಹೂವು. ತೋಟದಲ್ಲಿ ಬೆಳೆಸಿದ್ದಲ್ಲ, ಹುಲ್ಲಿನ ನಡುವೆ ಹಬ್ಬಿದ್ದು. ಜನ ಹೆದ್ದಾರಿಯ ಬದಿಗೆ ಕಾರು ನಿಲ್ಲಿಸಿ ಎಳೆಮಕ್ಕಳನ್ನು ಹೂವಿನ ನಡುವೆ ಕೂರಿಸಿ ಫೋಟೋ ತೆಗೆಯುತ್ತಾರೆ. ಒಂದು ಕಡೆ ರೇಷ್ಮೆ ಸೀರೆಯುಟ್ಟ ಹೆಂಗಸರ ಗುಂಪೇ ಇತ್ತು. ಒಬ್ಬ ಗಂಡಸು ತೆಲುಗಿನಲ್ಲಿ ಮಗುವಿಗೆ ನಗು ಎನ್ನುತ್ತಿದ್ದ, ಮಗು ಇಂಗ್ಲಿಷಿನಲ್ಲಿ ಅಳುತ್ತಿತ್ತು. ರೇಖಾ ನಗಲಿಲ್ಲ. ಬೇರೆ ದಿನವಾಗಿದ್ದರೆ ಕಾರು ನಿಲ್ಲಿಸುತ್ತಿದ್ದಳು.

ಆಂಟಿಯ ಅಪಾರ್ಟ್‌ಮೆಂಟ್ ದ ಡೊಮೇನ್ ಎಂಬ ಅಂಗಡಿ, ಕಚೇರಿಗಳ ಹೊಸ ಬಡಾವಣೆಯ ಬಳಿ. ಕೆಳಗೆ ಕಾಫಿ ಅಂಗಡಿಗಳು, ಕೊರಳಿಗೆ ಕಚೇರಿಯ ಗುರುತುಪಟ್ಟಿ ನೇತುಹಾಕಿಕೊಂಡ ಹುಡುಗ ಹುಡುಗಿಯರು. ಬಾಗಿಲ ಗಂಟೆ ಒತ್ತಿದ್ದು ನಾನು. ರೇಖಾ ನನ್ನ ಹಿಂದೆ, ಗೋಡೆಗೆ ಒರಗಿ ನಿಂತಳು.

ಬಾಗಿಲು ತೆರೆಯಿತು. ಸಣ್ಣ ದೇಹದ, ಕತ್ತರಿಸಿದ ಬಿಳಿ ಕೂದಲಿನ ಮುದುಕಿ. ನನ್ನನ್ನು ಬಿಟ್ಟು ಹಿಂದೆ ನೋಡಿದರು.

“ಬಾರವಾ. ಗ್ವಾಡಿ ಬೀಳಂಗಿಲ್ಲ, ಅದನ್ಯಾಕ ಹಿಡ್ಕೊಂಡು ನಿಂತಿ?” ಎಂದರು. ಒಳಗೆ ಬಂದ ಮೇಲೆ ರೇಖಾಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. “ಎಷ್ಟ್ ಸೊರಗಿದಿ. ಉಣ್ಣೂದು ಬಿಟ್ಟೀಯೇನು?”

“ಫೋನ್ ಯಾಕೆ ಎತ್ಲಿಲ್ಲ ಆಂಟಿ?”

“ಎತ್ತಿದ್ರ ನೀ ಅಳತಿದ್ದಿ. ನಿನ್ನ ಸಮಾಧಾನ ಮಾಡಬೇಕಾಗ್ತಿತ್ತು. ನನಗ ನನ್ನ ಸಮಾಧಾನನ ಆಗಿರಲಿಲ್ಲ.”

ರೇಖಾ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನು ಆಡಲು ಶುರು ಮಾಡಿದಳು. ತಪ್ಪಾಯಿತು, ನಿಮ್ಮ ನೇಮವನ್ನು ನಾನು ಕೆಡಿಸಿದೆ, ಹೇಗೆ ಮುಖ ತೋರಿಸಲಿ ಎಂದೆಲ್ಲ. ಆಂಟಿ ಕೈ ಎತ್ತಿ ನಿಲ್ಲಿಸಿದರು.

“ಕೊಬ್ಬಿನ ಮಾತು ಬಿಡು. ನಾ ಡಾಕ್ಟರ್ ಅದೀನಿ. ಹೊಟ್ಟ್ಯಾಗ ಹೋದದ್ದು ಹೊರಗ ಹೋಗ್ತದ. ಮನೀಗೆ ಬಂದು ತಲಿಗೆ ಎರಕೊಂಡೆ, ದೇವ್ರ ಮುಂದ ತಪ್ಪಾತಪ್ಪಾ ಅಂದೆ. ಅದು ಅಲ್ಲಿಗೆ ಮುಗೀತು.”

“ಮತ್ತೆ?”

ಆಂಟಿ ಗೋಡೆಯ ಮೇಲಿನ ಒಂದು ಫೋಟೋ ಕಡೆ ನೋಡಿದರು. ಒಂಬತ್ತು ಗಜದ ಸೀರೆಯುಟ್ಟ ಹೆಂಗಸು, ಕ್ಯಾಮರಾಗೆ ಹೆದರಿದ ಮುಖ.

“ನಮ್ಮವ್ವ ಹೋದಾಗ ನಾ ಇಲ್ಲೆ ಡ್ಯೂಟಿ ಮ್ಯಾಲಿದ್ದೆ. ಹೋಗ್ಲಿಕ್ಕೆ ಆಗಲಿಲ್ಲ. ಆಕಿ ಫೋಟೋ ಅದ, ಎರಡು ಸೀರಿ ಅವ. ಕೈರುಚಿ ಮಾತ್ರ ನಾಲಿಗಿ ಮ್ಯಾಲ ಅದ, ಅದನ್ನ ಯಾರೂ ಕಸಗೊಳ್ಳಂಗಿಲ್ಲ ಅಂತ ತಿಳ್ಕೊಂಡಿದ್ದೆ. ಅಂಗಡ್ಯಾಗಿಂದು ತಿಂದು, ಮೈಕ್ ಹಿಡಕೊಂಡು, ಇದ ಅದು ಅಂದ್ನಿ. ಅಂದ್ರ ಏನು ತಂಗಿ? ಅದೂ ಹೋಗೇದ. ಇಷ್ಟ್ ದಿನ ಇಲ್ಲದ್ದನ್ನ ಅದ ಅದ ಅಂತ ಹೇಳ್ಕೊಂಡು ಅಡ್ಡಾಡಿದೆ.”

ನಾನೂ ರೇಖಾಳೂ ಹ್ಯೂಸ್ಟನ್ನಿನಲ್ಲಿ, ಕಮಿಟಿಯವರು ಅವರವರ ಮನೆಗಳಲ್ಲಿ, ಆಂಟಿಯ ಮೌನಕ್ಕೆ ಕಾರಣ ಊಹಿಸಿಕೊಂಡಿದ್ದೆವು. ಯಾರೊಬ್ಬರೂ ಇದರ ಹತ್ತಿರಕ್ಕೂ ಬಂದಿರಲಿಲ್ಲ.

“ನನ್ನಿಂದ ತಾನೇ ಆಂಟಿ?” ಎಂದಳು ರೇಖಾ.

“ನಿನ್ನಿಂದ ಹ್ಯಾಂಗ ಹುಚ್ಚಿ? ನಾಲಿಗಿ ನಂದು.”

ಕಾಫಿ ಕುಡಿಯುತ್ತ ಆಂಟಿ ನನ್ನ ಕಡೆ ತಿರುಗಿದರು. “ನೀವ ಏನ್ರಿ ಆ ಪೇಪರ್‌ನವರು? ರಘು ಮೆಸೇಜ್ ಹಾಕ್ಯಾನ. ಯಾವುದೋ ಕ್ರಿಶ್ಚನ್ ಸ್ವಾಮಿ ಕಥಿ ಹೇಳಿ ಮೀಟಿಂಗ್ ಅರ್ಧಕ್ಕ ನಿಲ್ಲಿಸಿದ್ರಂತ. ಆ ಸ್ವಾಮಿ ಕಡೀಕ ಏನಾದ್ರಿ?”

ಹೇಳಿದೆ. ಮೋಶೆ ಮುದುಕನಾದ ಮೇಲೆ ಒಂದು ದಿನ ಮರುಭೂಮಿಗೆ ದಾಳಿಕೋರರು ಬರುತ್ತಿದ್ದಾರೆಂಬ ಸುದ್ದಿ ಬಂತು. ಓಡಿಹೋಗಿ ಎಂದು ಜೊತೆಯವರಿಗೆ ಹೇಳಿದ. ಮತ್ತೆ ನೀವು ಎಂದು ಕೇಳಿದರು. ನಾನೂ ಒಂದು ಕಾಲಕ್ಕೆ ಕತ್ತಿ ಹಿಡಿದು ಬೇರೆಯವರ ಬಾಗಿಲಿಗೆ ಹೋದವನು, ಈ ದಿನಕ್ಕಾಗಿ ಬಹಳ ವರ್ಷದಿಂದ ಕಾದಿದ್ದೇನೆ ಎಂದ. ಕೆಲವರು ಅವನೊಂದಿಗೆ ಉಳಿದರು. ಬಂದವರು ಅವರನ್ನು ಕೊಂದರು.

“ಅಷ್ಟು ವರ್ಷ ಸನ್ಯಾಸಿ ಆಗಿದ್ರೂ ತಾ ಮಾಡಿದ್ದು ಮರ್ತಿರಲಿಲ್ಲ.”

“ಮರೆತಿರಲಿಲ್ಲ. ಬೇರೆಯವರು ಮಾಡಿದ್ದನ್ನು ಮಾತ್ರ ನೋಡುತ್ತಿರಲಿಲ್ಲವಂತೆ. ಹೊಸಬರು ಅವನ ಮೈಬಣ್ಣ ಹಿಡಿದು ಅವಮಾನ ಮಾಡಿದಾಗಲೂ ಸುಮ್ಮನಿದ್ದ. ಬೇಸರವಾಗಲಿಲ್ಲವೆ ಎಂದು ಆಮೇಲೆ ಕೇಳಿದರು. ಆಯಿತು, ಆದರೆ ಮಾತಾಡಲಿಲ್ಲ ಎಂದ.”

“ಹೂಂ. ಬ್ಯಾಸರಾಗಿಲ್ಲ ಅಂತ ಸುಳ್ಳು ಹೇಳ್ಲಿಲ್ಲ ನೋಡ್ರಿ. ಅದು ಚಲೋ ಮಾಡ್ದ,” ಎಂದರು ಆಂಟಿ. ಕಪ್ಪು ಕೆಳಗಿಟ್ಟು ಎದ್ದರು. “ಉಣ್ಣೂ ಹೊತ್ತಾತು. ನಾ ಯುಗಾದಿಯಿಂದ ಚಪಾತಿ ಬಿಟ್ಟೀನಿ. ಬರೇ ಅನ್ನ ಮಾಡ್ಕೋತೀನಿ. ಆದ್ರ ಅಷ್ಟ್ ದೂರದಿಂದ ಬಂದವರಿಗೆ ಬರೇ ಅನ್ನ ಹ್ಯಾಂಗ ಹಾಕೂದು?”

ಹಿಟ್ಟಿನ ಚೀಲ ತೆಗೆದರು. ಬೆರಳ ಗಂಟುಗಳು ಊದಿಕೊಂಡಿದ್ದವು. ಕಲಸಲು ಕೈ ಇಟ್ಟವರು ಹಾಗೇ ನಿಲ್ಲಿಸಿ ಬೋಗುಣಿಯನ್ನು ರೇಖಾಳ ಕಡೆ ತಳ್ಳಿದರು. ರೇಖಾ ಬೋಗುಣಿಯನ್ನು ಬಿಟ್ಟು ಚೀಲ ಎತ್ತಿಕೊಂಡಳು. ಮುಂದೆ ಓದಿದಳು, ತಿರುಗಿಸಿ ಹಿಂದೆ ಓದಿದಳು, ಮತ್ತೆ ಮುಂದೆ ತಿರುಗಿಸಿದಳು.

“ಗೋದಿಹಿಟ್ಟಿನ್ಯಾಗ ಗೋದಿ ಇರ್ತದವಾ. ಕಲಸು,” ಎಂದರು ಆಂಟಿ.

ರೇಖಾ ಕಲಸಿದಳು. “ನಿಮ್ಮಮ್ಮ ಹೇಗೆ ಮಾಡ್ತಿದ್ರು, ಹೇಳಿ. ಹಾಗೇ ಮಾಡ್ತೀನಿ.”

“ನೆನಪಿಲ್ಲಂತ ಈಗರ ಹೇಳಿದ್ನಲ್ಲ. ನೀ ಮಾಡೂ ಹಂಗ ಮಾಡು.”

ರಘು ಫೋನ್ ಮಾಡಿದರು. ಆಂಟಿ ಎತ್ತಿದರು. “ಏ ರಘು, ರೇಖಾ ನನ್ನ ಅಡಗಿಮನ್ಯಾಗ ಚಪಾತಿ ಮಾಡ್ಲಿಕ್ಕತ್ತಾಳ. ರಾಮನವಮಿಗೂ ಆಕೀನ ಅಡಗಿ. ಚೀಟಿ ಓದ್ಲಿಕ್ಕೆ ಬೇಕಾದ್ರ ನೀ ಪಕ್ಕಕ್ಕ ನಿಂದ್ರು. ಇಡು, ಊಟಕ್ಕ ಕೂಡೂರದೀವಿ,” ಎಂದು ಇಟ್ಟರು. ರೇಖಾ ತಲೆ ಎತ್ತಲಿಲ್ಲ. ಲಟ್ಟಣಿಗೆ ಮಾತ್ರ ಜೋರಾಯಿತು.

ಮೊದಲ ಚಪಾತಿ ನನ್ನ ತಟ್ಟೆಗೆ ಬಂತು. ಒಬ್ಬಳೇ ಹೇಗೆ ತಿನ್ನಲಿ, ನೀವೂ ಕೂತುಕೊಳ್ಳಿ ಎಂದೆ. ಬಿಟ್ಟಿದ್ದೇನೆ ಎಂದು ಒಮ್ಮೆ ಹೇಳಿದರು. ನಾನು ಕೈ ಹಚ್ಚದೆ ಕೂತೆ. ಚಪಾತಿ ಆರುತ್ತ ಹೋಯಿತು. ಕೊನೆಗೆ “ಪೇಪರ್‌ನವರ ಹಟ ಭಾಳ,” ಎನ್ನುತ್ತ ನನ್ನ ಎದುರಿಗೆ ಕೂತು, ನನ್ನ ತಟ್ಟೆಯಿಂದಲೇ ಒಂದು ಚೂರು ಹರಿದು, ಪಲ್ಯ ಸೋಕಿಸದೆ ಬಾಯಿಗೆ ಹಾಕಿಕೊಂಡರು. ಬಹಳ ಹೊತ್ತು ಅಗಿದರು.

“ನಮ್ಮವ್ವಂದು ಹಿಂಗಿರಲಿಲ್ಲ,” ಎಂದರು.

ರೇಖಾ ಒಲೆಯ ಮುಂದಿನಿಂದ ತಿರುಗಿದಳು. ಅವಳ ಮುಖ ನೋಡಿ, ಮತ್ತೆ ನೋವಾಯಿತೇನೋ ಎಂದುಕೊಂಡೆ. ಆದರೆ ಅವಳು ಕೈಯಲ್ಲಿದ್ದ ಚಿಮಟವನ್ನು ಹಾಗೇ ಹಿಡಿದು ಕೇಳಿದಳು, “ಹೀಗಿರ್ಲಿಲ್ಲ ಅಂತ ಹೇಗೆ ಗೊತ್ತಾಯ್ತು ಆಂಟಿ?”

ಆಂಟಿಯ ದವಡೆ ನಿಂತಿತು.

ಕಿಟಕಿಯ ಹೊರಗೆ ಯಾರೋ ಕಾರು ಹಿಂದಕ್ಕೆ ತೆಗೆಯುತ್ತಿದ್ದರು. ಆಂಟಿ ಕೈಯಲ್ಲಿದ್ದ ಉಳಿದ ಚೂರನ್ನು ಎರಡು ಬೆರಳ ನಡುವೆ ಮೆಲ್ಲಗೆ ಒತ್ತಿ ನೋಡಿದರು. ಅದರ ದಪ್ಪವನ್ನು ಅಳೆಯುವಂತಿತ್ತು.

“ಇದಕ್ಕಿಂತ ದಪ್ಪ ಇರತಿತ್ತು,” ಎಂದರು. ದನಿ ಸಣ್ಣದಾಗಿತ್ತು. “ನಡುವ ಎಣ್ಣಿ ಹಚ್ಚಿ ಮಡಚತಿದ್ಲು. ಮೂರು ಮೂಲಿ ಮಾಡಿ ಮತ್ತ ಲಟ್ಟಸ್ತಿದ್ಲು. ಅಂಚು... ಅಂಚು ಸ್ವಲ್ಪ ಸುಟ್ಟು ಕರ್ರಗಾಗ್ತಿತ್ತು. ನಾ ಕರ್ರಗಾದದ್ದು ಬ್ಯಾಡ ಅಂತ ಅಳತಿದ್ದೆ.”

ರೇಖಾ ಮುಂದಿನ ಉಂಡೆಯನ್ನು ಎತ್ತಿಕೊಂಡಳು. ನಡುವೆ ಎಣ್ಣೆ ಹಚ್ಚಿ ಮಡಚಿ, ಮೂರು ಮೂಲೆ ಮಾಡಿ, ದಪ್ಪಗೆ ಲಟ್ಟಿಸತೊಡಗಿದಳು.